ಕುಣಿಗಲ್‌ಗೆ ಬೇಕು ನಾಲ್ಕು ಫೈಲು

ನಮ್ಮ ಹಾಸ್ಟೆಲ್‌ನಲ್ಲಿ ಗುಬ್ಬಿಯವರೂ ಇದ್ದಾರೆ, ಕುಣಿಗಲ್‌ನವರೂ ಇದ್ದಾರೆ. ಹೇಮಾವತಿ ಲಿಂಕ್ ಕೆನಾಲ್ ಮಾತು ಬಂತೆಂದರೆ ತಟ್ಟೆಯ ಅನ್ನ ಆರಿಹೋಗುತ್ತದೆ. ‘ನೀರು ನಮ್ಮ ಕಡೆ ತಾನಾಗೇ ಹರಿಯುತ್ತೆ’ ಅಂತ ಒಬ್ಬ. ‘ಎಲ್ಲಿ ಹರಿಯುತ್ತೆ, ತೋರಿಸು’ ಅಂತ ಇನ್ನೊಬ್ಬ. ತೋರಿಸೋಣ ಅಂತಲೇ ನಾನು ಲ್ಯಾಪ್‌ಟಾಪ್‌ನಲ್ಲಿ ಬ್ಲೆಂಡರ್ ತೆರೆದದ್ದು.

ಬ್ಲೆಂಡರ್ ಉಚಿತ ತ್ರೀಡಿ ಸಾಫ್ಟ್‌ವೇರ್. 2002ರಲ್ಲಿ ಬಳಕೆದಾರರೇ 1 ಲಕ್ಷ ಯೂರೊ ಚಂದಾ ಎತ್ತಿ ಅದನ್ನು ಎಲ್ಲರಿಗೂ ಮುಕ್ತ ಮಾಡಿಸಿದರು. ಅದರಲ್ಲಿ ಬೆಟ್ಟ, ಕುದುರೆ, ಕುರ್ಚಿ ಎಲ್ಲವೂ ಮೆಶ್, ಅಂದರೆ ಬಲೆ. ಬಲೆಯ ಒಂದೊಂದು ಗಂಟೂ ಒಂದು ವರ್ಟೆಕ್ಸ್; ಅದಕ್ಕೆ ಎಕ್ಸ್, ವೈ, ಝಡ್ ಎಂಬ ಮೂರೇ ಸಂಖ್ಯೆ. ಮೌಸ್ ಹಿಡಿದು ಹತ್ತು ಗಂಟು ಎತ್ತಬಹುದು. ಲಕ್ಷ ಗಂಟಿಗೆ ಪೈಥಾನ್ ಸ್ಕ್ರಿಪ್ಟೇ ಗತಿ.

ಎತ್ತರದ ಲೆಕ್ಕ ಕೊಟ್ಟದ್ದು ನಾಸಾ. 2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆ 11 ದಿನ ಸುತ್ತಿ ರೇಡಾರ್‌ನಿಂದ ನೆಲವನ್ನು ಅಳೆಯಿತು. ಸುಮಾರು 30 ಮೀಟರ್‌ಗೊಂದು ಚುಕ್ಕಿ, ಒಂದು ಡಿಗ್ರಿ ಚೌಕಕ್ಕೆ ಒಂದು ಫೈಲು. ತಮಾಷೆ ಇರುವುದು ಇಲ್ಲೇ. 77ನೇ ರೇಖಾಂಶ ಗುಬ್ಬಿಗೂ ತುಮಕೂರಿಗೂ ಮಧ್ಯೆ ಹಾದುಹೋಗುತ್ತದೆ. ಹಾಗಾಗಿ ಅಕ್ಕಪಕ್ಕದ ಊರುಗಳು ಬೇರೆ ಬೇರೆ ಫೈಲಿನಲ್ಲಿವೆ. 13ನೇ ಅಕ್ಷಾಂಶ ಕುಣಿಗಲ್ ಪಟ್ಟಣಕ್ಕೆ ಸ್ವಲ್ಪವೇ ದಕ್ಷಿಣ, 77ನೇ ರೇಖಾಂಶ ಸ್ವಲ್ಪವೇ ಪಶ್ಚಿಮ. ಆ ತಾಲ್ಲೂಕು ಪೂರ್ತಿ ಬೇಕೆಂದರೆ ನಾಲ್ಕು ಫೈಲು ಹೊಲಿಯಬೇಕು. ಅಂಚಿನ ಸಾಲು ಎರಡೂ ಫೈಲಿನಲ್ಲಿರುವುದರಿಂದ ಅಲ್ಲಿ ಗಂಟಿನ ಮೇಲೆ ಗಂಟು ಕೂರುತ್ತದೆ; ಅವನ್ನು ಒಂದಾಗಿಸದಿದ್ದರೆ ಹೊಲಿಗೆ ನಿಲ್ಲುವುದಿಲ್ಲ.

ಒಂದು ಫೈಲಿನಲ್ಲಿ 3601 ಸಾಲು, ಸಾಲಿಗೆ 3601 ಚುಕ್ಕಿ. ಒಟ್ಟು 1 ಕೋಟಿ 29 ಲಕ್ಷಕ್ಕೂ ಹೆಚ್ಚು. ವಿದ್ಯಾರ್ಥಿಯ ಲ್ಯಾಪ್‌ಟಾಪ್ ಅಷ್ಟಕ್ಕೆ ಕೈ ಮುಗಿಯುತ್ತದೆ. ಹತ್ತಕ್ಕೊಂದು ಚುಕ್ಕಿ ತೆಗೆದುಕೊಂಡರೆ 1,30,321, ಸಾಕು. ಫೈಲಿನ ಮೊದಲ ಸಾಲು ಉತ್ತರದ ಅಂಚು ಎಂಬುದನ್ನು ಸ್ಕ್ರಿಪ್ಟಿಗೆ ಹೇಳಬೇಕು, ಇಲ್ಲದಿದ್ದರೆ ಕುಣಿಗಲ್ ಉತ್ತರಕ್ಕೆ ಹೋಗಿ ಕೂರುತ್ತದೆ. ರೇಡಾರ್‌ಗೆ ಕಾಣದ ಜಾಗಕ್ಕೆ ‘-32768’ ಎಂದು ಬರೆದಿರುತ್ತಾರೆ. ಅದನ್ನು ಸೋಸದಿದ್ದರೆ ಜಿಲ್ಲೆಯ ಮಧ್ಯೆ 32 ಕಿಲೋಮೀಟರ್ ಆಳದ ಬಾವಿ!

ನಿಜವಾದ ತೊಡಕು ಆಮೇಲಿನದು. ಒಂದು ಫೈಲಿನ ಅಗಲ ಸುಮಾರು 108 ಕಿಲೋಮೀಟರ್. ತುಮಕೂರಿಗಿಂತ ದೇವರಾಯನದುರ್ಗ ಎತ್ತರ ಇರುವುದು ಸುಮಾರು 400 ಮೀಟರ್ ಮಾತ್ರ. ಒಂದು ಮೀಟರ್ ಅಗಲದ ಮಾದರಿಯಲ್ಲಿ ಅದು 4 ಮಿಲಿಮೀಟರ್ ಕೂಡ ಆಗುವುದಿಲ್ಲ. ಚಪಾತಿ ಥರ ಕಾಣುತ್ತದೆ. ಅದಕ್ಕೇ ಎಲ್ಲರೂ ಝಡ್ ಅನ್ನು ಹತ್ತರಿಂದ ಗುಣಿಸುತ್ತಾರೆ. ಒಂದೇ ಸಾಲಿನ ಕೋಡು, ಸಣ್ಣ ಏರು ದೊಡ್ಡ ಗೋಡೆಯಾಗುತ್ತದೆ. ಅದನ್ನು ತೋರಿಸಿ ‘ನೋಡು, ನೀರು ಬರಲ್ಲ’ ಅನ್ನಬಹುದು. ಎಷ್ಟು ಪಟ್ಟು ಎಂದು ಬರೆಯದ ತ್ರೀಡಿ ನಕ್ಷೆಯನ್ನು ನಾನಂತೂ ನಂಬುವುದಿಲ್ಲ.

ಈ ಅಳತೆಯಲ್ಲಿ ಕೆಲವು ಮೀಟರ್ ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ಕಾಲುವೆಯ ಇಳಿಜಾರಾದರೋ ಕಿಲೋಮೀಟರ್‌ಗೆ ಸೆಂಟಿಮೀಟರ್ ಲೆಕ್ಕದ್ದು. ಹಾಗಾಗಿ ನನ್ನ ಮಾದರಿ ಯಾವ ದಿಬ್ಬ ಎಲ್ಲಿದೆ ಎಂದು ಹೇಳುತ್ತದೆ, ಕೆನಾಲ್ ತೀರ್ಪು ಹೇಳುವುದಿಲ್ಲ. ಪರದೆಯ ಮೂಲೆಯಲ್ಲಿ ‘ಎತ್ತರ 10 ಪಟ್ಟು’ ಎಂದು ಬರೆದೇ ಗೆಳೆಯರಿಗೆ ತೋರಿಸಿದೆ. ಜಗಳ ನಿಂತಿಲ್ಲ. ಆದರೆ ಗುಬ್ಬಿಯವನು ಈಗ ಕುಣಿಗಲ್ ದೊಡ್ಡಕೆರೆ ಎಷ್ಟು ಆಳ ಎಂದು ಕೇಳುತ್ತಿದ್ದಾನೆ. ರೇಡಾರ್ ನೀರಿನೊಳಗೆ ನೋಡುವುದಿಲ್ಲ. ಅದಕ್ಕೆ ದೋಣಿ, ಹಗ್ಗ ಹಿಡಿದು ಇಳಿಯಬೇಕು.