ತೋಟ ಒಂದೆತ್ತು, ಪಾಠ ಇನ್ನೊಂದೆತ್ತು



ಈ ಹೊತ್ತು ನಿಮ್ಮನ್ನು ಸ್ವಲ್ಪ ದೂರ ಕರೆದುಕೊಂಡು ಹೋಗುತ್ತೇನೆ, ಪಶ್ಚಿಮ ಆಫ್ರಿಕಾದ ಒಣ ನಾಡಿಗೆ. "ಅಷ್ಟು ದೂರದ ಮಾತು ನಮಗೇತಕ್ಕಪ್ಪಾ?" ಎನ್ನಬೇಡಿ. ನಾವು ಉಣ್ಣುವ ಜೋಳ, ರಾಗಿ, ಅಲಸಂದೆ, ಈ ಮೂರೂ ಬಹಳ ಹಿಂದೆ ಆಫ್ರಿಕಾ ಖಂಡದಿಂದಲೇ ನಮ್ಮಲ್ಲಿಗೆ ಬಂದವು. ಉತ್ತರ ಕರ್ನಾಟಕದವರು ರೊಟ್ಟಿಯ ಜೊತೆಗೆ ತಿನ್ನುವ ಪುಂಡಿಪಲ್ಯದ ತವರೂ ಆ ಖಂಡವೇ. ನಮ್ಮ ನುಗ್ಗೆ ಇಲ್ಲಿಂದ ಅಲ್ಲಿಗೆ ಹೋಗಿದೆ. ಬೀಜದ ನಂಟು ಹಳೆಯದು. ಮಳೆ ಕೈಕೊಟ್ಟಾಗ ಪಡುವ ಪಾಡೂ ಎರಡು ಕಡೆ ಒಂದೇ.

ಸಹಾರಾ ಮರುಭೂಮಿಯ ದಕ್ಷಿಣದ ಅಂಚಿಗೆ, ಸೀರೆಯ ಸೆರಗಿನಂತೆ ಉದ್ದಕ್ಕೂ ಹಾಸಿರುವ ಸೀಮೆಗೆ ಸಾಹೇಲ್ ಎಂದು ಹೆಸರು. ಸೆನೆಗಲ್, ಮಾಲಿ, ಬುರ್ಕಿನಾ ಫಾಸೊ, ನೈಜರ್ ದೇಶಗಳು ಈ ಸೀಮೆಯಲ್ಲಿ ಬರುತ್ತವೆ. ಅದಕ್ಕೂ ತೆಂಕಣಕ್ಕೆ ಬೆನಿನ್ ದೇಶ. ಈ ಒಣ ನಾಡಿನಲ್ಲಿ ವರ್ಷಕ್ಕೆ ಒಂದೇ ಮಳೆಗಾಲ. ಅದು ಮುಗಿಯಿತೆಂದರೆ ಬೆನಿನ್‌ನ ಉತ್ತರ ಭಾಗದಲ್ಲಿ ಸುಮಾರು ಆರು ತಿಂಗಳು, ಸಾಹೇಲಿನಲ್ಲಿ ಅದಕ್ಕೂ ಹೆಚ್ಚು ಕಾಲ, ಮಳೆಯ ಸುಳಿವಿಲ್ಲ. ಮರುಭೂಮಿಯ ಕಡೆಯಿಂದ ಹರ್ಮಟಾನ್ ಎಂಬ ಒಣಗಾಳಿ ದೂಳು ಹೊತ್ತು ಬೀಸುತ್ತದೆ. 1968ರಿಂದ 1973ರ ವರೆಗೆ ಸಾಹೇಲಿಗೆ ಬಿದ್ದ ಬರದಲ್ಲಿ ದನಕರು ಲೆಕ್ಕವಿಲ್ಲದಷ್ಟು ಸತ್ತವು, ಜನ ಊರು ಬಿಟ್ಟು ಗುಳೆ ಹೋದರು. 1984ರಲ್ಲಿ ಮತ್ತೆ ಅದೇ ಸಂಕಟ.

ಅಲ್ಲಿನ ಒಕ್ಕಲುತನದಲ್ಲಿ ಸಜ್ಜೆ ಜೋಳದ ದೊಡ್ಡ ಹೊಲ ಸಾಮಾನ್ಯವಾಗಿ ಮನೆಯ ಯಜಮಾನನದು. ಕಾಯಿಪಲ್ಯ, ಸೊಪ್ಪುಸದೆ ಬೆಳೆಯುವುದು ಬಹುಮಟ್ಟಿಗೆ ಹೆಂಗಸರ ಪಾಲು. ಬೇಸಗೆಯಲ್ಲಿ ಗಂಡಸರು ಎಷ್ಟೋ ಮಂದಿ ಕೂಲಿ ಹುಡುಕಿಕೊಂಡು ಪಟ್ಟಣಕ್ಕೆ ಹೋಗುತ್ತಾರೆ. ಕಣಜ ಬರಿದಾಗುವ ತಿಂಗಳಲ್ಲಿ ಒಲೆ ಉರಿಸುವ ಭಾರ ತಾಯಿಯದು. ಹಾಗಾಗಿ ಅವಳಿಗೆ ಕೈತೋಟ ಎಂದರೆ ಬಿಡುವಿನ ಹವ್ಯಾಸವಲ್ಲ, ಮಕ್ಕಳ ತಟ್ಟೆಯ ಅನ್ನ.

ಆದರೆ ತೋಟಕ್ಕೆ ನೀರು ಬೇಕಲ್ಲ! ಲೆಕ್ಕ ಹಾಕಿ ನೋಡಿ. ಒಂದು ಗುಂಟೆಗಿಂತ ತುಸು ಹೆಚ್ಚು, ಅಂದರೆ 120 ಚದರ ಮೀಟರು ಪಾತಿ ಇದೆ ಅನ್ನಿ. ಬಿಸಿಲುಗಾಲದಲ್ಲಿ ದಿನಕ್ಕೆ 5 ಮಿಲಿಮೀಟರು ನೀರು ಕೊಡಬೇಕೆಂದರೆ 600 ಲೀಟರು ಆಗುತ್ತದೆ. 15 ಲೀಟರಿನ ಕೊಡದಲ್ಲಿ ಹೊತ್ತರೆ 40 ಕೊಡ! ಸೇದುವುದು, ಹೊರುವುದು, ಹುಯ್ಯುವುದು, ಮತ್ತೆ ಬಾವಿಗೆ ನಡೆಯುವುದು. ತಾಯಿಯೊಬ್ಬಳಿಂದ ಆಗುವ ಕೆಲಸವೇ ಇದು? ಆಗ ಮನೆಯಲ್ಲಿ ಮೊದಲು ಕೂಗು ಬೀಳುವುದು ಯಾರಿಗೆ? ದೊಡ್ಡ ಮಗಳಿಗೆ. ಅವಳ ಪಾಟಿ ಮೂಲೆ ಸೇರಿತು, ಕೊಡ ತಲೆಗೇರಿತು. ತೋಟದ ಮಾತಿಗೂ ಪಾಠದ ಮಾತಿಗೂ ಗಂಟು ಬೀಳುವುದು ಇಲ್ಲೇ.

ಈ ಗಂಟನ್ನು ಬಿಡಿಸಲು ನಡೆದ ಒಂದು ಪ್ರಯತ್ನವನ್ನು ಕೇಳಿ. ಬೆನಿನ್ ದೇಶದ ಉತ್ತರದಲ್ಲಿ ಕಲಾಲೆ ಎಂಬ ಸೀಮೆ. ಅಲ್ಲಿ ಹೆಂಗಸರು ಮೊದಲೇ ಗುಂಪು ಕಟ್ಟಿಕೊಂಡು, ನೀರು ಹೊತ್ತು ತರಕಾರಿ ಮಾಡುತ್ತಿದ್ದರು. 2007ರಲ್ಲಿ ಬೆಸ್ಸಾಸಿ, ದುಂಕಾಸ್ಸಾ ಎಂಬ ಎರಡು ಹಳ್ಳಿಗಳಲ್ಲಿ ಮೂರು ತೋಟಗಳಿಗೆ ಸೂರ್ಯಶಕ್ತಿಯ ಪಂಪನ್ನೂ ಹನಿ ನೀರಾವರಿಯನ್ನೂ ಜೋಡಿಸಿದರು. ಒಂದೊಂದು ತೋಟ ಅರ್ಧ ಹೆಕ್ಟೇರು, ನಮ್ಮ ಲೆಕ್ಕದಲ್ಲಿ ಒಂದೂಕಾಲು ಎಕರೆ. ಒಂದೊಂದರಲ್ಲಿ 30ರಿಂದ 35 ಹೆಂಗಸರು. ಪ್ರತಿಯೊಬ್ಬಳಿಗೂ ನಾನು ಈಗ ಲೆಕ್ಕ ಹಾಕಿದ 120 ಚದರ ಮೀಟರಿನ ಸ್ವಂತ ಪಾತಿ. ಉಳಿದ ನೆಲ ಎಲ್ಲರದೂ.

ಈ ಕೆಲಸದ ಹಿಂದೆ ಅಮೆರಿಕದ ಸೋಲಾರ್ ಎಲೆಕ್ಟ್ರಿಕ್ ಲೈಟ್ ಫಂಡ್ ಎಂಬ ಸಂಸ್ಥೆ ಇತ್ತು. ಅದನ್ನು ಕಟ್ಟಿದ ನೆವಿಲ್ ವಿಲಿಯಮ್ಸ್ ಅವರೇ 1995ರಲ್ಲಿ ಹರೀಶ್ ಹಂದೆಯವರ ಜೊತೆ ಸೇರಿ ನಮ್ಮ ಬೆಂಗಳೂರಿನಲ್ಲಿ ಸೆಲ್ಕೊ ಕಂಪನಿಯನ್ನೂ ಆರಂಭಿಸಿದರು. ತೋಟದ ವಿದ್ಯೆ ಬಂದದ್ದು ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯಿಂದ. ಅದರ ಮುಖ್ಯ ಕಚೇರಿ ನಮ್ಮ ನೆರೆಯ ಹೈದರಾಬಾದಿನ ಹತ್ತಿರ ಪಟಾನ್‌ಚೆರುವಿನಲ್ಲಿದೆ.

ಇದು ನಡೆಯುವ ಬಗೆ ಸರಳ. ಸೌರ ಫಲಕದ ಮೇಲೆ ಬಿಸಿಲು ಬೀಳುತ್ತದೆ, ಕರೆಂಟು ಹುಟ್ಟುತ್ತದೆ, ಪಂಪು ತಿರುಗುತ್ತದೆ. ಹಳ್ಳದ ನೀರೋ ಕೊಳವೆ ಬಾವಿಯ ನೀರೋ ಎತ್ತರದ ತೊಟ್ಟಿಗೆ ಏರುತ್ತದೆ. ತೊಟ್ಟಿಯಿಂದ ನೀರು ತನ್ನ ಭಾರಕ್ಕೆ ತಾನೇ ಇಳಿದು, ಕೊಳವೆಯ ಸಣ್ಣ ತೂತುಗಳ ಮೂಲಕ ಗಿಡದ ಬುಡಕ್ಕೆ ತೊಟ್ಟಿಕ್ಕುತ್ತದೆ. ಇದಕ್ಕೆ ಬ್ಯಾಟರಿ ಬೇಡ, ಡೀಸೆಲ್ ಬೇಡ. ಇದರ ಸೊಗಸು ಎಲ್ಲಿದೆ ಗೊತ್ತೆ? ಬಿಸಿಲು ಜೋರಾದ ದಿನ ಗಿಡಕ್ಕೆ ಬಾಯಾರಿಕೆ ಹೆಚ್ಚು. ಅದೇ ದಿನ ಪಂಪೂ ಹೆಚ್ಚು ನೀರೆತ್ತುತ್ತದೆ. ಮೋಡ ಕವಿದ ದಿನ ಎರಡೂ ಕಡಿಮೆ.

ಫಲ ಏನಾಯಿತು? ಮೊದಲ ವರ್ಷದ ಲೆಕ್ಕವನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು 2010ರಲ್ಲಿ ಪ್ರಕಟಿಸಿದರು. ಒಂದೊಂದು ತೋಟದಿಂದ ತಿಂಗಳಿಗೆ ಸರಾಸರಿ 1.9 ಟನ್ ಕಾಯಿಪಲ್ಯ: ಟೊಮೆಟೊ, ಬೆಂಡೆ, ಬದನೆ, ಮೆಣಸಿನಕಾಯಿ, ಕ್ಯಾರೆಟ್, ಸೊಪ್ಪು. ನೂರರಲ್ಲಿ 18 ಪಾಲು ಮನೆಗೆ ಇಟ್ಟುಕೊಂಡರು, ಉಳಿದದ್ದನ್ನು ಸಂತೆಯಲ್ಲಿ ಮಾರಿದರು. ಬಂದ ಹಣದಿಂದ ಬೇಸಗೆಯಲ್ಲಿ ಕಾಳುಕಡಿ ಕೊಂಡರು. ಒಣಗಾಲದಲ್ಲೂ ಸಾರಿಗೆ ಸೊಪ್ಪು ಬಿತ್ತು. ನಂತರದ ವರ್ಷಗಳಲ್ಲಿ ಕಲಾಲೆ ಸೀಮೆಯ ಬೇರೆ ಹಳ್ಳಿಗಳಿಗೂ ಇಂಥ ತೋಟಗಳು ಹಬ್ಬಿದವು.

"ಅದೆಲ್ಲ ಸರಿ ಸ್ವಾಮಿ, ಪಂಪು ಕೆಟ್ಟರೆ?" ಎಂದು ನೀವು ಕೇಳಬಹುದು. ಕೇಳಲೇಬೇಕಾದ ಮಾತು. ಇಂಥ ಸಲಕರಣೆಯ ಮೊದಲ ಖರ್ಚು ದೊಡ್ಡದು, ಬಡ ಹೆಣ್ಣುಮಕ್ಕಳು ಹೊರಲಾರದಷ್ಟು. ಅದಕ್ಕೆ ಹೊರಗಿನ ನೆರವು ಬಂತು. ಆದರೆ ನೆರವು ಕೊಟ್ಟವರು ವರ್ಷವರ್ಷವೂ ಬಂದು ಕೂರುವುದಿಲ್ಲ. ಅದಕ್ಕೇ ಎಲ್ಲರದೂ ಆದ ಆ ನೆಲದ ಬೆಳೆ. ಅದನ್ನು ಮಾರಿದ ದುಡ್ಡು ಗುಂಪಿನ ಖರ್ಚಿಗೆ. ಗಂಟು ಇದ್ದರೆ ಪಂಪು ನಿಂತರೂ ತೋಟ ನಿಲ್ಲುವುದಿಲ್ಲ. ರಿಪೇರಿಯನ್ನೂ ಹೆಂಗಸರು ಕಲಿಯಬಲ್ಲರು. ರಾಜಸ್ಥಾನದ ತಿಲೋನಿಯಾದ ಬೇರ್‌ಫುಟ್ ಕಾಲೇಜಿಗೆ ಆಫ್ರಿಕಾದ ನಾನಾ ದೇಶಗಳಿಂದ ಹಳ್ಳಿಯ ಹೆಂಗಸರು, ಅಜ್ಜಿಯರೂ ಕೂಡ, ಬಂದು ಆರು ತಿಂಗಳು ಇದ್ದು ಸೌರ ದೀಪದ ಕೆಲಸ ಕಲಿತು ಹೋಗಿದ್ದಾರೆ. ಅವರಲ್ಲಿ ಎಷ್ಟೋ ಮಂದಿಗೆ ಓದು ಬರಹ ಬರುತ್ತಿರಲಿಲ್ಲ.

ನೀರಾಯಿತು, ಇನ್ನು ನೆಲದ ಮಾತು. ಅಲ್ಲಿನ ಎಷ್ಟೋ ಊರುಗಳಲ್ಲಿ ಹೆಣ್ಣಿಗೆ ನೆಲ ಸಿಗುವುದು ಗಂಡನ ಅಥವಾ ಊರ ಹಿರಿಯರ ಮಾತಿನ ಮೇಲೆ. ಗೊಬ್ಬರ ಹಾಕಿ, ಬೇಲಿ ಕಟ್ಟಿ, ನೆಲ ಹದಕ್ಕೆ ತಂದಮೇಲೆ "ಬಿಡಮ್ಮ" ಎಂದರೆ ಬಿಡಬೇಕು. ನೈಜರ್ ದೇಶದಲ್ಲಿ ಇದಕ್ಕೊಂದು ದಾರಿ ಹುಡುಕಿದರು. ಯಾರೂ ಉಳದ, ಕಲ್ಲಿನಂತೆ ಗಟ್ಟಿಯಾದ ಪಾಳು ನೆಲವನ್ನು ಹೆಂಗಸರ ಸಂಘದ ಹೆಸರಿಗೇ ಕೇಳಿ ಪಡೆದರು. ಅದರಲ್ಲಿ ಜೈ ಎಂಬ ಗುಳಿ ತೋಡಿದರು. ಸುಮಾರು ಗೇಣಗಲದ ಗುಳಿ, ಅದಕ್ಕೆ ಒಂದು ಹಿಡಿ ಕೊಟ್ಟಿಗೆ ಗೊಬ್ಬರ. ಮಳೆಯ ನೀರು ಓಡದೆ ಗುಳಿಯಲ್ಲಿ ನಿಂತು ಇಂಗುತ್ತದೆ. ಇಳಿಜಾರಿನಲ್ಲಿ ಅರ್ಧಚಂದ್ರದ ಆಕಾರಕ್ಕೆ ಬದು ಹಾಕಿ, ಅದರ ಬಾಯಿಯನ್ನು ಏರಿನ ಕಡೆ ಇಟ್ಟರು. ಬದುವಿನೊಳಗೆ ಕಸಿಮಾಡಿದ ಬೋರೆ ಗಿಡ. ನಮ್ಮ ದೇಶದ ಸುಧಾರಿತ ಬೋರೆ ತಳಿಗಳನ್ನೇ ಅಲ್ಲಿಗೆ ಒಯ್ದಿದ್ದಾರೆ. ಅದಕ್ಕೆ ಅಲ್ಲಿ 'ಸಾಹೇಲಿನ ಸೇಬು' ಎಂದು ಹೆಸರು! ಜೊತೆಗೆ ನುಗ್ಗೆ, ಬೆಂಡೆ, ಪುಂಡಿ. ನುಗ್ಗೆಸೊಪ್ಪನ್ನು ಬೇಯಿಸಿ, ಶೇಂಗಾ ಹಿಂಡಿಯ ಪುಡಿ ಬೆರೆಸಿ ತಿನ್ನುವುದು ಅಲ್ಲಿನ ಪದ್ಧತಿ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಬೇಕು. ತೋಟ ಬಂದ ಮಾತ್ರಕ್ಕೆ ಮಗಳು ಶಾಲೆಗೆ ಹೋದಳು ಎಂದು ತಿಳಿಯಬೇಡಿ. ತೋಟ ಬೆಳೆದರೆ ಕೆಲಸವೂ ಬೆಳೆಯುತ್ತದೆ. ತಾಯಿ ಸಂತೆಗೆ ಹೋದರೆ ಕೂಸನ್ನು ನೋಡುವವರು ಯಾರು? ಮತ್ತೆ ಅದೇ ಮಗಳು. ನೀರು ಹೊರುವ ಕೆಲಸ ತಪ್ಪಿ, ಕೂಸು ಹೊರುವ ಕೆಲಸ ಬಂದರೆ ಏನು ಬಂತು? ಬೆನಿನ್ ಸರ್ಕಾರ 2006ರಲ್ಲಿ ಪ್ರಾಥಮಿಕ ಶಾಲೆಯ ಫೀಜನ್ನು ತೆಗೆದುಹಾಕಿತು. ಆದರೂ ಪುಸ್ತಕ, ಬಟ್ಟೆ ಮುಂತಾದವುಗಳ ಖರ್ಚು ಬಹುಮಟ್ಟಿಗೆ ಮನೆಯವರದೇ. ತೋಟದ ದುಡ್ಡು ತಾಯಿಯ ಕೈಯಲ್ಲಿ ಉಳಿದು, ನೀರಿನ ಹೊತ್ತು ಉಳಿತಾಯವಾಗಿ, "ಮಗಳು ಓದಲಿ" ಎಂದು ಮನೆಯವರು ಮನಸ್ಸು ಮಾಡಿದರೆ ಆಗ ದಾರಿ ತೆರೆಯುತ್ತದೆ. ಬುರ್ಕಿನಾ ಫಾಸೊ, ಮಾಲಿ, ನೈಜರ್ ದೇಶಗಳಲ್ಲಿ ಈಚಿನ ವರ್ಷಗಳಲ್ಲಿ ಸಶಸ್ತ್ರ ಗುಂಪುಗಳ ಹಾವಳಿಯಿಂದ ಸಾವಿರಾರು ಶಾಲೆಗಳ ಬಾಗಿಲು ಮುಚ್ಚಿದವು. ತಾಯಿ ಎಷ್ಟು ಮನಸ್ಸು ಮಾಡಿದರೂ ಶಾಲೆಯೇ ಇಲ್ಲದ ಕಷ್ಟ ಅದು.

ಓದು ಮಕ್ಕಳಿಗೆ ಮಾತ್ರವೇ? ಅಲ್ಲ. ಕಲಾಲೆ ಸೀಮೆಯ ಮನೆಮಾತು ಬೋಕೊ, ಬಾರಿಬಾ, ಫುಲಾನಿ. ಸರ್ಕಾರದ ಭಾಷೆ ಫ್ರೆಂಚ್. ಶಾಲೆಯ ಮೆಟ್ಟಿಲು ಹತ್ತದ ತಾಯಿಗೆ ಔಷಧದ ಡಬ್ಬಿಯ ಮೇಲಿನ ಬರಹವೂ ತಿಳಿಯದು, ಬೀಜದ ಚೀಟಿಯೂ ತಿಳಿಯದು. ತೂಕದಲ್ಲಿ ಮೋಸವಾದರೆ ಗೊತ್ತಾಗುವುದು ಹೇಗೆ? ಸೆನೆಗಲ್ ದೇಶದಲ್ಲಿ 1991ರಿಂದ ತೋಸ್ತಾನ್ ಎಂಬ ಸಂಸ್ಥೆ ಹಳ್ಳಿಯ ಹೆಂಗಸರಿಗೆ ಅವರವರ ಮನೆಮಾತಿನಲ್ಲೇ ಓದು, ಬರಹ, ಲೆಕ್ಕ, ಆರೋಗ್ಯದ ವಿಷಯ ಕಲಿಸುತ್ತ ಬಂದಿದೆ. ತೋಸ್ತಾನ್ ಎಂದರೆ ವೊಲೊಫ್ ಭಾಷೆಯಲ್ಲಿ ಮೊಟ್ಟೆ ಒಡೆದು ಮರಿ ಹೊರಗೆ ಬರುವುದು. ಚೆನ್ನಾದ ಹೆಸರು, ಅಲ್ಲವೆ? ಗುಂಪಿನ ಲೆಕ್ಕವನ್ನು ಗುಂಪಿನವರೇ ಬರೆದು, ಎಲ್ಲರೆದುರು ಓದಿದರೆ ಅನುಮಾನಕ್ಕೆ ಎಡೆಯಿಲ್ಲ. ಲೆಕ್ಕ ಇನ್ನೊಬ್ಬರ ಕೈಯಲ್ಲಿದ್ದರೆ ತೋಟವೂ ಮೆಲ್ಲಗೆ ಇನ್ನೊಬ್ಬರ ಕೈಗೆ ಹೋಗುತ್ತದೆ.

ಬಾಂಧವರೇ, ಹೆಣ್ಣುಮಕ್ಕಳ ತೋಟಕ್ಕೆ ನೆರವಾಗುವುದೆಂದರೆ ಬೀಜದ ಪೊಟ್ಟಣ ಹಂಚಿ ಹೋಗುವುದಲ್ಲ. ಅದಕ್ಕೆ ಐದು ಅಂಗ ಬೇಕು. ಹತ್ತಿರದಲ್ಲಿ ನೀರು. ಬಿಡಿಸಲಾಗದಂಥ ಹಕ್ಕಿನ ನೆಲ. ಆಡು ಕುರಿ ನುಗ್ಗದ ಬೇಲಿ. ರಿಪೇರಿಗೆ ಕೂಡಿಟ್ಟ ಗಂಟು. ತಾಯಿಗೂ ಮಗಳಿಗೂ ಅಕ್ಷರ. ಇವುಗಳಲ್ಲಿ ಒಂದು ತಪ್ಪಿದರೂ ಉಳಿದವು ಸೊರಗುತ್ತವೆ.

ನಿಮ್ಮೂರಿನಲ್ಲೂ ಮಹಿಳಾ ಸಂಘ ಇದ್ದೀತು, ಹಿತ್ತಿಲು ಇದ್ದೀತು. ಮುಂದಿನ ಸಭೆಯಲ್ಲಿ ಈ ಐದನ್ನೂ ಒಂದೊಂದಾಗಿ ಕೇಳಿ ನೋಡಿ: ನಮ್ಮಲ್ಲಿ ಯಾವುದು ಇದೆ, ಯಾವುದು ಇಲ್ಲ? ಸಂಘದ ಪುಸ್ತಕವನ್ನು ಬರೆಯುವವರು ಯಾರು? ನೀರು ತರಲು ಹೋಗಿ ಶಾಲೆ ತಪ್ಪಿಸಿಕೊಳ್ಳುವ ಹುಡುಗಿ ನಮ್ಮ ಕೇರಿಯಲ್ಲಿ ಇದ್ದಾಳೆಯೆ? ಇದ್ದರೆ, ಮೊದಲ ಕೆಲಸ ಅಲ್ಲಿಂದಲೇ ಶುರುವಾಗಲಿ. ಒಂದೇ ಎತ್ತು ಕಟ್ಟಿದರೆ ಬಂಡಿ ಸುತ್ತುತ್ತದೆಯೇ ಹೊರತು ಮುಂದೆ ಹೋಗುವುದಿಲ್ಲ. ತೋಟ ಒಂದೆತ್ತು, ಪಾಠ ಇನ್ನೊಂದೆತ್ತು. ಎರಡನ್ನೂ ಹೂಡಿರಿ.