ನರಿಗಳಲ್ಲಿ ಲಾಡಿಹುಳುವಿನ ಹರಡುವಿಕೆ: ಸಾಕುನಾಯಿಯನ್ನು ವಿದೇಶಕ್ಕೆ ಕೊಂಡೊಯ್ಯುವವರ ಗಮನಕ್ಕೆ

ಸಾಕುನಾಯಿಯೊಂದಿಗೆ ಬ್ರಿಟನ್, ಐರ್ಲೆಂಡ್, ಫಿನ್‌ಲೆಂಡ್, ಮಾಲ್ಟಾ ಅಥವಾ ನಾರ್ವೆಗೆ ತೆರಳಲು ಆರೋಗ್ಯ ಪ್ರಮಾಣಪತ್ರ ಕೋರುವ ಅರ್ಜಿದಾರರು, ರೇಬೀಸ್ ಲಸಿಕೆ ಹಾಕಿಸಿದ ನಂತರವೂ ಲಾಡಿಹುಳುವಿನ ಔಷಧವನ್ನು ಏಕೆ ಕೊಡಿಸಬೇಕೆಂದು ವಿಚಾರಿಸುವುದುಂಟು. ಇದರ ಹಿನ್ನೆಲೆಯನ್ನು ಸಾರ್ವಜನಿಕರ ಮಾಹಿತಿಗಾಗಿ ಈ ಕೆಳಗೆ ವಿವರಿಸಲಾಗಿದೆ.

ಪರೋಪಜೀವಿಯ ಸ್ವರೂಪ

ಎಕಿನೊಕಾಕಸ್ ಮಲ್ಟಿಲಾಕ್ಯುಲಾರಿಸ್ ಎಂಬ ಈ ಲಾಡಿಹುಳು ಕೆಲವೇ ಮಿಲಿಮೀಟರ್ ಉದ್ದವಿದ್ದು, ಮುಖ್ಯವಾಗಿ ಕೆಂಪು ನರಿಯ ಸಣ್ಣ ಕರುಳಿನಲ್ಲಿ ವಾಸಿಸುತ್ತದೆ. ಮಲದೊಂದಿಗೆ ಹೊರಬೀಳುವ ಇದರ ಮೊಟ್ಟೆಗಳು ಹೊಲದ ಇಲಿಗಳ ದೇಹವನ್ನು ಸೇರಿ ಯಕೃತ್ತಿನಲ್ಲಿ ಮರಿಹುಳುಗಳಾಗುತ್ತವೆ. ಅಂತಹ ಇಲಿಯನ್ನು ತಿಂದ ನರಿ ಅಥವಾ ನಾಯಿಗೆ ಸೋಂಕು ತಗಲುತ್ತದೆ. ಸೋಂಕಿತ ನಾಯಿ ಸಾಮಾನ್ಯವಾಗಿ ಆರೋಗ್ಯವಾಗಿಯೇ ಕಾಣುತ್ತದೆ. ಆದರೆ ಮೊಟ್ಟೆಗಳು ಮನುಷ್ಯನ ಹೊಟ್ಟೆ ಸೇರಿದಲ್ಲಿ, ಯಕೃತ್ತಿನಲ್ಲಿ ಅರ್ಬುದದಂತೆ ಬೆಳೆಯುವ ರೋಗ ಉಂಟಾಗಬಹುದು. ಇದರ ಲಕ್ಷಣಗಳು ತೋರಲು 5 ರಿಂದ 15 ವರ್ಷಗಳು ಹಿಡಿಯುತ್ತವೆ. ಚಿಕಿತ್ಸೆ ದೊರೆಯದಿದ್ದಲ್ಲಿ ಪ್ರಾಣಾಪಾಯವಿದೆ.

ಹರಡಿದ ಬಗೆ

1980ರ ದಶಕದ ಅಂತ್ಯದವರೆಗೆ ಈ ಹುಳು ಮಧ್ಯ ಮತ್ತು ಪಶ್ಚಿಮ ಯೂರೋಪಿನಲ್ಲಿ ಜರ್ಮನಿ, ಫ್ರಾನ್ಸ್, ಸ್ವಿಟ್ಜರ್ಲೆಂಡ್ ಮತ್ತು ಆಸ್ಟ್ರಿಯಾ ದೇಶಗಳಲ್ಲಿ ಮಾತ್ರ ಇರುವುದಾಗಿ ತಿಳಿದಿತ್ತು. ತರುವಾಯ ಪೋಲೆಂಡ್, ನೆದರ್‌ಲೆಂಡ್ಸ್, ಡೆನ್ಮಾರ್ಕ್ ಹಾಗೂ ಬಾಲ್ಟಿಕ್ ದೇಶಗಳಲ್ಲಿ, 2011ರಲ್ಲಿ ಸ್ವೀಡನ್ನಿನಲ್ಲಿ ಪತ್ತೆಯಾಯಿತು. 1978ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಆರಂಭಗೊಂಡು ಇತರೆಡೆಗೂ ವಿಸ್ತರಿಸಿದ, ಆಹಾರದ ಮೂಲಕ ನರಿಗಳಿಗೆ ರೇಬೀಸ್ ಲಸಿಕೆ ನೀಡುವ ಕಾರ್ಯಕ್ರಮದಿಂದ ರೇಬೀಸ್ ಇಳಿಮುಖವಾಗಿ ನರಿಗಳ ಸಂಖ್ಯೆ ಹೆಚ್ಚಿತು. ಜ್ಯೂರಿಕ್‌ನಂತಹ ನಗರಗಳೊಳಗೂ ಅವು ನೆಲೆಸಿದವು. ಒಂದು ರೋಗದ ನಿವಾರಣೆಯು ಮತ್ತೊಂದರ ಹರಡುವಿಕೆಗೆ ಅನುಕೂಲವಾದುದು ಹೀಗೆ. ತಪಾಸಣೆ ಹೆಚ್ಚಿದ್ದರಿಂದ ಮೊದಲೇ ಇದ್ದ ಸೋಂಕು ಬೆಳಕಿಗೆ ಬಂದಿರುವುದೂ ಉಂಟು.

ಅರ್ಜಿದಾರರು ಅನುಸರಿಸತಕ್ಕ ಕ್ರಮ

ಮೇಲ್ಕಂಡ ಐದು ದೇಶಗಳು (ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳನ್ನು ಹೊರತುಪಡಿಸಿ) ಈ ಹುಳುವಿನಿಂದ ಮುಕ್ತವೆಂದು ಪರಿಗಣಿತವಾಗಿರುವುದರಿಂದ ಈ ಕೆಳಕಂಡ ನಿಯಮಗಳನ್ನು ವಿಧಿಸಿವೆ:

1. ಪ್ರಾಜಿಕ್ವಾಂಟೆಲ್ ಅಥವಾ ತತ್ಸಮಾನ ಔಷಧವನ್ನು ಪಶುವೈದ್ಯರಿಂದಲೇ ಕೊಡಿಸತಕ್ಕದ್ದು.

2. ಆ ದೇಶವನ್ನು ಪ್ರವೇಶಿಸುವ ಸಮಯಕ್ಕೆ 24 ಗಂಟೆಗಳಿಗಿಂತ ಕಡಿಮೆಯಿಲ್ಲದಂತೆ, 120 ಗಂಟೆಗಳಿಗಿಂತ ಹೆಚ್ಚಿಲ್ಲದಂತೆ ಮುಂಚಿತವಾಗಿ ಔಷಧ ನೀಡಿರತಕ್ಕದ್ದು. ಲೆಕ್ಕ ಹಾಕಬೇಕಾದುದು ಇಲ್ಲಿಂದ ಹೊರಡುವ ಸಮಯದಿಂದಲ್ಲ, ಅಲ್ಲಿಗೆ ತಲುಪುವ ಸಮಯದಿಂದ.

3. ಔಷಧ ನೀಡಿದ ದಿನಾಂಕ ಮತ್ತು ವೇಳೆಯನ್ನು ಪ್ರಮಾಣಪತ್ರದಲ್ಲಿ ನಮೂದಿಸಿರತಕ್ಕದ್ದು.

ಈ ಔಷಧವು ಇರುವ ಹುಳುಗಳನ್ನು ಕೊಲ್ಲುವುದೇ ಹೊರತು ಮುಂದಿನ ಸೋಂಕನ್ನು ತಡೆಯುವುದಿಲ್ಲ. ಆದುದರಿಂದ ಹಿಂದಿನ ತಿಂಗಳು ನೀಡಿದ ಔಷಧವು ಮಾನ್ಯವಾಗುವುದಿಲ್ಲ. ಕಾಲಾವಧಿ ತಪ್ಪಿದಲ್ಲಿ ನಾಯಿಗೆ ಪ್ರವೇಶ ನಿರಾಕರಿಸುವ ಅಥವಾ ಅದನ್ನು ಮಾಲೀಕರ ವೆಚ್ಚದಲ್ಲಿ ಪ್ರತ್ಯೇಕವಾಗಿ ಇರಿಸುವ ಸಂಭವವಿರುತ್ತದೆ. ವಿಮಾನದ ವೇಳೆ ಖಚಿತಪಡಿಸಿಕೊಂಡ ನಂತರವೇ ಪಶುವೈದ್ಯರ ಭೇಟಿಯನ್ನು ನಿಗದಿಪಡಿಸಿಕೊಳ್ಳಲು ಅರ್ಜಿದಾರರಲ್ಲಿ ಕೋರಲಾಗಿದೆ.