ದೊಡ್ಡ ಕರುಳಿನ ಕ್ಯಾನ್ಸರ್ ತಪಾಸಣೆ

ದೊಡ್ಡ ಕರುಳಿನ ಕ್ಯಾನ್ಸರ್ ತಪಾಸಣೆ ಎಂದರೆ ರೋಗಲಕ್ಷಣಗಳಿಲ್ಲದವರಲ್ಲಿ ದೊಡ್ಡ ಕರುಳು ಹಾಗೂ ಗುದನಾಳದ ಕ್ಯಾನ್ಸರನ್ನು ಅಥವಾ ಅದರ ಪೂರ್ವರೂಪವನ್ನು ಪತ್ತೆಹಚ್ಚುವ ಪರೀಕ್ಷೆ. ಈ ಕ್ಯಾನ್ಸರ್ ಬಹುಪಾಲು ಕರುಳಿನ ಒಳಪದರದಲ್ಲಿ ಬೆಳೆಯುವ ಪಾಲಿಪ್ ಎಂಬ ಸಣ್ಣ ಗಂಟುಗಳಿಂದ ಆರಂಭವಾಗುತ್ತದೆ. ಎಲ್ಲ ಪಾಲಿಪ್‌ಗಳೂ ಕ್ಯಾನ್ಸರಾಗಿ ಮಾರ್ಪಡುವುದಿಲ್ಲ. ಮಾರ್ಪಡುವಂಥವಕ್ಕೂ ಸಾಮಾನ್ಯವಾಗಿ ಹತ್ತು ವರ್ಷಗಳಷ್ಟು ಕಾಲ ಬೇಕಾಗುತ್ತದೆ. ಅಷ್ಟರೊಳಗೆ ಅವನ್ನು ಕತ್ತರಿಸಿ ತೆಗೆದರೆ ರೋಗ ಹುಟ್ಟುವುದೇ ತಪ್ಪುತ್ತದೆ.

ವಿಧಾನಗಳು

ಮಲದಲ್ಲಿ ಕಣ್ಣಿಗೆ ಕಾಣದಷ್ಟು ರಕ್ತವಿದೆಯೇ ಎಂದು ನೋಡುವುದು ಸರಳ ವಿಧಾನ. ಅಮೆರಿಕದ ಮಿನ್ನೆಸೋಟದಲ್ಲಿ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ರತಿವರ್ಷ ಈ ಪರೀಕ್ಷೆಗೆ ಒಳಗಾದ ಗುಂಪಿನಲ್ಲಿ ಈ ಕ್ಯಾನ್ಸರಿನಿಂದಾಗುವ ಸಾವು ಸುಮಾರು ಮೂರನೆಯ ಒಂದರಷ್ಟು ಕಡಿಮೆಯಾಗಿತ್ತು. ಇಂದು ಬಳಕೆಯಲ್ಲಿರುವ ಫಿಟ್ ಪರೀಕ್ಷೆ ಮಾನವ ಹಿಮೋಗ್ಲೋಬಿನ್ ಅನ್ನು ಮಾತ್ರ ಗುರುತಿಸುವುದರಿಂದ ಆಹಾರದ ಪಥ್ಯ ಬೇಕಿಲ್ಲ. ರಕ್ತ ಕಂಡುಬಂದರೆ ಕೊಲೊನೊಸ್ಕೋಪಿ ಮಾಡಲೇಬೇಕು. ಇದರಲ್ಲಿ ಕ್ಯಾಮೆರಾವಿರುವ ಬಾಗುವ ನಳಿಕೆಯನ್ನು ಗುದದ್ವಾರದ ಮೂಲಕ ಒಳಕ್ಕೆ ಸಾಗಿಸಿ, ಪಾಲಿಪ್ ಕಂಡರೆ ಆಗಲೇ ತೆಗೆಯಬಹುದು. ಹಿಂದಿನ ದಿನ ಔಷಧಿ ಕುಡಿದು ಕರುಳನ್ನು ಖಾಲಿ ಮಾಡಿಕೊಳ್ಳಬೇಕು; ಅನೇಕರಿಗೆ ಪರೀಕ್ಷೆಗಿಂತ ಈ ತಯಾರಿಯೇ ಹೆಚ್ಚು ತ್ರಾಸದಾಯಕ. ಸಾಮಾನ್ಯ ಅಪಾಯದವರಲ್ಲಿ ದೋಷ ಕಾಣದಿದ್ದರೆ ಹತ್ತು ವರ್ಷಗಳ ಬಳಿಕ ಪುನಃ ಮಾಡಿದರೆ ಸಾಕು. ಅಮೆರಿಕದಲ್ಲಿ ತಪಾಸಣೆ ಆರಂಭಿಸುವ ವಯಸ್ಸನ್ನು 2021ರಲ್ಲಿ 50ರಿಂದ 45ಕ್ಕೆ ಇಳಿಸಲಾಯಿತು.

ಭಾರತದಲ್ಲಿ

ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿಯು 30 ವರ್ಷ ದಾಟಿದವರಿಗೆ ಬಾಯಿ, ಸ್ತನ ಹಾಗೂ ಗರ್ಭಕಂಠದ ಕ್ಯಾನ್ಸರ್ ತಪಾಸಣೆಯನ್ನು ನಿಗದಿಪಡಿಸಿತು. ದೊಡ್ಡ ಕರುಳು ಈ ಪಟ್ಟಿಯಲ್ಲಿಲ್ಲ. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ಭಾರತದಲ್ಲಿ ಈ ರೋಗದ ಪ್ರಮಾಣ ಕಡಿಮೆ. ಪುತ್ತೂರು–ಸುಳ್ಯ ಹೆದ್ದಾರಿಯಲ್ಲಿರುವ ಕುಂಬ್ರದಂತಹ ಅಡಿಕೆ ಬೆಳೆಯುವ ಊರುಗಳಲ್ಲಿ ಎಲೆಯಡಿಕೆ ಹಾಗೂ ಹೊಗೆಸೊಪ್ಪು ಜಗಿಯುವ ರೂಢಿಯಿರುವುದರಿಂದ ಬಾಯಿಯ ತಪಾಸಣೆಗೆ ಮಹತ್ವ ಸಿಗುವುದು ಸಹಜ. ಆದರೆ ಅದೇ ವ್ಯಕ್ತಿಯ ಕರುಳಿನ ತಪಾಸಣೆ ನಡೆಯಬೇಕಾದರೆ ಅವನೇ ಆಸ್ಪತ್ರೆಗೆ ಹೋಗಿ ಕೇಳಬೇಕಾಗುತ್ತದೆ.

ಮೂಲವ್ಯಾಧಿಯೆಂಬ ತಪ್ಪು ಗ್ರಹಿಕೆ

ಮಲದಲ್ಲಿ ರಕ್ತ ಕಂಡವರು ಅದನ್ನು ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸಿ ಮನೆಮದ್ದಿಗೆ ಮೊರೆಹೋಗುವುದುಂಟು. ರಕ್ತಸ್ರಾವಕ್ಕೆ ಮೂಲವ್ಯಾಧಿಯೇ ಹೆಚ್ಚು ಸಾಮಾನ್ಯ ಕಾರಣವಾದುದರಿಂದ ಈ ಊಹೆ ಹಲವು ಬಾರಿ ನಿಜವೂ ಆಗುತ್ತದೆ. ಆದರೆ ಮೂಲವ್ಯಾಧಿಯಿರುವವರಿಗೂ ಕ್ಯಾನ್ಸರ್ ಬರಬಹುದು. ಮಲವಿಸರ್ಜನೆಯ ರೂಢಿ ವಾರಗಟ್ಟಲೆ ಬದಲಾಗಿರುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಪುರುಷರಲ್ಲಿ ಹಾಗೂ ಮುಟ್ಟು ನಿಂತ ಮಹಿಳೆಯರಲ್ಲಿ ಕಬ್ಬಿಣಾಂಶದ ಕೊರತೆಯ ರಕ್ತಹೀನತೆ ಕಾಣುವುದು ಮುಂತಾದವು ಕರುಳಿನ ಪರೀಕ್ಷೆಗೆ ಸಾಕಷ್ಟು ಕಾರಣಗಳು. ಇಂಥವರು ಮಲಪರೀಕ್ಷೆಯ ಫಲಿತಾಂಶ ಸರಿಯಿದೆಯೆಂದು ಸುಮ್ಮನಿರುವಂತಿಲ್ಲ.

ತಡೆಗಟ್ಟುವಿಕೆ

ತಂಬಾಕು, ಮದ್ಯ, ಅತಿತೂಕ ಹಾಗೂ ದೈಹಿಕ ಶ್ರಮದ ಕೊರತೆ ಅಪಾಯವನ್ನು ಹೆಚ್ಚಿಸುತ್ತವೆ. ಸಂಸ್ಕರಿತ ಮಾಂಸವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. ಹುರುಳಿ, ಹೆಸರು ಮುಂತಾದ ಕಾಳುಗಳು, ಹರಿವೆ, ಬಸಳೆಯಂತಹ ಸೊಪ್ಪುಗಳು ನಾರಿನಂಶವನ್ನು ಒದಗಿಸುತ್ತವೆ.

ತಂದೆ, ತಾಯಿ, ಒಡಹುಟ್ಟಿದವರು ಅಥವಾ ಮಕ್ಕಳಲ್ಲಿ ಯಾರಿಗಾದರೂ 60 ವರ್ಷಕ್ಕೆ ಮುಂಚೆ ಈ ರೋಗ ಬಂದಿದ್ದರೆ 40ನೆಯ ವಯಸ್ಸಿನಲ್ಲಿ, ಇಲ್ಲವೇ ಅವರಿಗೆ ರೋಗ ಪತ್ತೆಯಾದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಇವೆರಡರಲ್ಲಿ ಯಾವುದು ಮುಂಚೆಯೋ ಆಗ ಕೊಲೊನೊಸ್ಕೋಪಿ ಆರಂಭಿಸಲು ಸಲಹೆ ನೀಡಲಾಗುತ್ತದೆ.